ಇನ್ನೂರೈವತ್ತು ಕಿಲೋ ತಡೆಯುವ ಉಯ್ಯಾಲೆ

ಅಂಗಿಯ ಅಳತೆ ನಲವತ್ತನಾಲ್ಕು. ಅಂಗೈ ಮೊರದಷ್ಟು ಅಗಲ. ಬಲಗಿವಿ ಇದ್ದೂ ಇಲ್ಲದಂತೆ. ಕೊಳ್ಳುವ ಲಕ್ಷಣ: ಇಲ್ಲ.

ಕ್ರೇನಣ್ಣ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಹಾಕಿದ ಅಂದಾಜು ಇದು. ಪರದೆ, ದಿಂಬಿನ ಚೀಲ, ಗೋಡೆಗೆ ತೂಗುಹಾಕುವ ಚಂದದ ಸಾಮಾನು ಇವುಗಳನ್ನು ಮೂವತ್ತು ವರ್ಷದಿಂದ ಮಾರುತ್ತಿದ್ದೇನೆ. ಗಿರಾಕಿಯ ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಸಾಕು, ಕೈಯಲ್ಲಿ ಚೀಲ ಹಿಡಿದು ಹೋಗುತ್ತಾನೋ ಕೈಬೀಸಿಕೊಂಡು ಹೋಗುತ್ತಾನೋ ಹೇಳಬಲ್ಲೆ. ಕೆಲವರು ಬಣ್ಣ ನೋಡುತ್ತಾರೆ, ಕೆಲವರು ಬೆಲೆಚೀಟಿ ನೋಡುತ್ತಾರೆ. ಈ ಮನುಷ್ಯ ತಲೆಯೆತ್ತಿ ನನ್ನ ಚಾವಣಿಯ ಕೊಂಡಿಗಳನ್ನು ನೋಡಿದ. ಆಮೇಲೆ ಪರದೆಯ ಸರಳೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜೋತುಬಿದ್ದ.

"ಇದು ಎಷ್ಟು ತೂಕ ತಡಿಯುತ್ತೆ?"

"ಪರದೆ ತಡಿಯುತ್ತೆ ಸ್ವಾಮಿ. ನಿಮ್ಮನ್ನ ತಡಿಯೋ ಹಾಗಿದ್ರೆ ಸೇತುವೆ ಅಂತ ಮಾರ್ತಿದ್ದೆ."

"ಏನಂದ್ರಿ?" ಎಂದು ಎಡಗಿವಿ ತಿರುಗಿಸಿದ.

ಹಿಂದೆ ನಿಂತಿದ್ದ ಅವನ ಹೆಂಡತಿ ಮುಂದೆ ಬಂದು, ಅಂಗೈಯನ್ನು ನೆಲಕ್ಕೆ ಸಮನಾಗಿ ಚಾಚಿ ಪಕ್ಕಕ್ಕೆ ಒಮ್ಮೆ ಬೀಸಿದಳು. ಅವನು ತಟ್ಟನೆ ಸರಳು ಬಿಟ್ಟು ನೆಟ್ಟಗೆ ನಿಂತ. ಗಂಡನನ್ನು ಇಷ್ಟು ಸುಲಭವಾಗಿ ನಿಲ್ಲಿಸಿದ ಹೆಂಗಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಗುಟ್ಟು ಆಮೇಲೆ ತಿಳಿಯಿತು. ಅವನು ಸರಕು ಅಂಗಳದಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ರೇನ್ ಓಡಿಸುತ್ತಾನೆ. ಮೇಲೆ ಗಾಜಿನ ಗೂಡಿನಲ್ಲಿ ಕೂತವನಿಗೆ ಕೆಳಗಿನವರ ಕೂಗು ಕೇಳಿಸದು, ಎಲ್ಲವೂ ಕೈಸನ್ನೆ. ಬೆರಳು ಮೇಲೆ ಮಾಡಿ ಸುತ್ತು ತಿರುಗಿಸಿದರೆ ಎತ್ತು. ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಅಂಗೈ ಬೀಸಿದರೆ ನಿಲ್ಲಿಸು. ಇಂಜಿನ್ನಿನ ಸದ್ದಿಗೆ ಕಿವಿ ಮಂದವಾಗುತ್ತ ಬಂದಾಗ ಹೆಂಡತಿ ಗಂಟಲು ಹರಿದುಕೊಳ್ಳುವ ಬದಲು ಆ ಸನ್ನೆಗಳನ್ನೇ ಕಲಿತಳು. ಗಂಡನನ್ನು ಬೆರಳ ತುದಿಯಲ್ಲಿ ಆಡಿಸುತ್ತಾಳೆ ಎಂದು ಬೀದಿಯವರು ಹೇಳುತ್ತಿದ್ದುದು ಬರೀ ಚಾಡಿಯಲ್ಲ, ಕಣ್ಣಾರೆ ಕಂಡ ಮಾತು.

ಅವಳಿಗೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ನನ್ನ ಅಂಗಡಿಯ ಎದುರು, ಸೈಕಲ್ ರಿಪೇರಿಯವನ ಮಾಳಿಗೆಯ ಮೇಲೆ ಎರಡು ಕೋಣೆಯ ಮನೆ. ಅಂದು ಬಂದ ಕಾರಣವನ್ನು ಅವಳೇ ಹೇಳಿದಳು.

"ಅಣ್ಣಾ, ಮಗು ದತ್ತು ತಗೊಳ್ಳೋಕೆ ನಾವು ಅರ್ಜಿ ಹಾಕಿ ನಾಲ್ಕು ವರ್ಷ ಆಯ್ತು. ಹೋದ ವಾರ ಮೇಡಂ ಒಬ್ರು ಮನೆ ನೋಡೋಕೆ ಬಂದಿದ್ರು. 'ಮನೆ ಶುಭ್ರವಾಗಿದೆ, ಆದ್ರೆ ಮಗುಗೆ ಅಂತ ಜಾಗ ಎಲ್ಲೂ ಕಾಣಲ್ಲ' ಅಂತ ಬರ್ಕೊಂಡು ಹೋದ್ರು. ಆರು ವಾರ ಬಿಟ್ಟು ಮತ್ತೆ ಬರ್ತಾರೆ. ಆಗ್ಲೂ ಹಾಗೇ ಬರೆದ್ರೆ ನಮ್ಮ ಫೈಲು ಸಾಲಿನ ಕೊನೆಗೆ ಹೋಗುತ್ತೆ."

"ಹೋದ್ರೆ ಹೋಗ್ಲಿ, ಮತ್ತೆ ಮುಂದಕ್ಕೆ ಬರಲ್ವಾ?"

"ಅಷ್ಟೊತ್ತಿಗೆ ನಮ್ಮ ವಯಸ್ಸು ಮೀರಿರುತ್ತೆ."

ಕನಿಕರವಾಯಿತು. ವ್ಯಾಪಾರದ ವಾಸನೆಯೂ ಬಂತು. ಎರಡೂ ಒಟ್ಟಿಗೆ ಬರಬಾರದು ಎಂಬ ಕಟ್ಟಳೆಯೇನಿಲ್ಲ. ಗೋಡೆಗೆ ಅಂಟಿಸುವ ಆನೆಗಳು, ಮೋಡದ ಆಕಾರದ ದೀಪ, ಚಿಟ್ಟೆ ಹಾರುವ ಪರದೆ, ಎಲ್ಲವನ್ನೂ ಬಿಡಿಸಿ ಹಾಸಿದೆ. ಗಂಡ ಹೆಂಡತಿ ಪ್ರತಿಯೊಂದನ್ನೂ ಮಗುಚಿ ಬೆನ್ನು ನೋಡಿದರು. ಹೊಲಿಗೆ ಎಳೆದರು, ಗೋಂದು ಕೆರೆದರು, ತಂತಿ ಬಗ್ಗಿಸಿದರು.

"ಚೆನ್ನಾಗಿದೆ ಅಣ್ಣಾ. ಹೇಗೆ ಮಾಡಿದಾರೆ ಅಂತ ಗೊತ್ತಾಯ್ತು" ಎಂದಳು.

ಗಿರಾಕಿಯ ಬಾಯಿಂದ ವ್ಯಾಪಾರಿ ಕೇಳಬಾರದ ಮಾತಿದ್ದರೆ ಅದು ಇದೇ. ಕೊನೆಗೆ ಅವರು ಒಯ್ದದ್ದು ಕೌಂಟರಿನ ಕೆಳಗೆ ಬಿದ್ದಿದ್ದ ಒಂದು ಮೂಟೆ ತುಂಡುಬಟ್ಟೆ. ಮರುದಿನ ಕಸಕ್ಕೆ ಹೋಗಬೇಕಾಗಿದ್ದ ಮೂಟೆ. ಮಹಾದಾನಿಯ ಮುಖ ಮಾಡಿಕೊಂಡು ಕೊಟ್ಟೆ. ಅವಳು ಕೈಮುಗಿದಾಗ ಮಾತ್ರ ಸ್ವಲ್ಪ ಮುಜುಗರವಾಯಿತು.

ಆ ಮುಜುಗರವೇ ನನ್ನನ್ನು ಆ ಮಾಳಿಗೆಯ ಮೆಟ್ಟಿಲು ಹತ್ತಿಸಿತು. ಅವರಿಬ್ಬರಿಗೂ ರಜೆಯಿರುವ ದಿನ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಒಂದಿಷ್ಟು ತುಂಡು ಹಿಡಿದುಕೊಂಡು, ನೋಡೋಣ ಏನು ಹಾಳು ಮಾಡುತ್ತಿದ್ದಾರೆ ಎಂದು ಹೋಗುತ್ತಿದ್ದೆ.

ಹಾಳೇನೂ ಮಾಡುತ್ತಿರಲಿಲ್ಲ. ಅವಳು ಕಾರ್ಖಾನೆಯಲ್ಲಿ ಎಸೆಯುವ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಒಂದು ಪದರದ ಗೆರೆ ಉದ್ದಕ್ಕೆ, ಮುಂದಿನದರದ್ದು ಅಡ್ಡಕ್ಕೆ ಬರುವಂತೆ ಏಳೇಳು ಪದರ ಅಂಟಿಸಿ ಪುಟ್ಟ ಮಣೆ, ಪುಸ್ತಕದ ಗೂಡು ಮಾಡಿದ್ದಳು. ಮೇಲೆ ನನ್ನ ತುಂಡುಬಟ್ಟೆಯ ಹೊದಿಕೆ. ಅವನು ಸೆಣಬಿನ ಹುರಿಯಿಂದ ಗಂಟಿಗೆ ಗಂಟು ಹೆಣೆದು ದೀಪಕ್ಕೆ ಬುಟ್ಟಿಯಂಥ ಮುಸುಕು ಮಾಡಿದ್ದ. ಆ ಮೊರದಂಥ ಕೈಯಿಂದ ಅಷ್ಟು ಸಣ್ಣ ಗಂಟು ಹೇಗೆ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದೇ ವಿಚಿತ್ರ. ಪ್ರತಿಯೊಂದು ಸಾಮಾನಿನ ಮೇಲೂ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆದಿತ್ತು. ಮಣೆಗೆ '೧೨೦ ಕಿಲೋ'. ಪುಸ್ತಕದ ಗೂಡಿಗೆ '೬೦ ಕಿಲೋ'. ಮುಷ್ಟಿಯಷ್ಟು ದೀಪವನ್ನು ಹೊತ್ತ ಹುರಿಗೆ '೪೦ ಕಿಲೋ'.

"ಇದೇನ್ರೀ, ಮಗೂ ಮನೇನೋ, ಗೋದಾಮೋ?"

"ಅಂಗಳದ ನಿಯಮ" ಎಂದ ಅವನು. "ಏನೇ ನೇತುಹಾಕಿದ್ರೂ ಎಷ್ಟು ತಡಿಯುತ್ತೆ ಅಂತ ಬರೀಬೇಕು. ಬರೀದೆ ಇರೋ ಕೊಂಡಿ ಕೆಳಗೆ ನಾನು ಯಾರನ್ನೂ ನಿಲ್ಲೋಕೆ ಬಿಡಲ್ಲ."

"ಬರೆದಿದ್ದು ನಿಜ ಅಂತ ಹೇಗೆ ಗೊತ್ತು?"

ಅವಳು ನಕ್ಕು, "ಇವತ್ತು ಬೆಳಿಗ್ಗೆಯೆಲ್ಲ ಇವರು ಆ ಮಣೆ ಮೇಲೆ ಮರಳಿನ ಚೀಲ ಮಡಿಲಲ್ಲಿ ಇಟ್ಕೊಂಡು ಕೂತಿದ್ರು. ನಾನು ಟೀ ಕೊಟ್ಟೆ. ಲೋಟದ ತೂಕಾನೂ ಸೇರಿಸ್ಕೊಂಡ್ರು" ಎಂದಳು. ಅಂಕಿಗಳ ಸುತ್ತ ಅವಳು ಹೂಬಳ್ಳಿ ಬಿಡಿಸಿದ್ದಳು. ಹೀಗಾಗಿ ಅವು ದೂರಕ್ಕೆ ಅಲಂಕಾರವೇ ಅನ್ನಿಸುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಕೆಲಸ ಉಯ್ಯಾಲೆಯದು. ಒಳಕೋಣೆ ಎಷ್ಟು ಚಿಕ್ಕದೆಂದರೆ ಹಾಸಿಗೆ ಹಾಸಿದರೆ ಉಯ್ಯಾಲೆಗೆ ಜಾಗವಿಲ್ಲ, ಉಯ್ಯಾಲೆ ಕಟ್ಟಿದರೆ ಹಾಸಿಗೆಗೆ ಜಾಗವಿಲ್ಲ. ಅದಕ್ಕೆ ಅವನು ಚಾವಣಿಯ ತೊಲೆಗೆ ಎರಡು ರಾಟೆ ಕೂರಿಸಿ, ಹಗ್ಗ ಎಳೆದರೆ ಉಯ್ಯಾಲೆ ಮೇಲೆ ಹೋಗಿ ಸೂರಿಗೆ ಅಂಟಿಕೊಳ್ಳುವಂತೆ ಮಾಡಿದ. ಹಗ್ಗದ ತುದಿ ಬಾಗಿಲ ಪಕ್ಕದ ಕಬ್ಬಿಣದ ಗೂಟಕ್ಕೆ. ಹಲಗೆಯ ಮೇಲೆ '೨೫೦ ಕಿಲೋ'.

"ಆನೆಮರಿ ದತ್ತು ತಗೋತಿದೀರೇನು?" ಎಂದು ಕೇಳಿದೆ. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದವನ ಹಾಗೆ ಇದ್ದ.

ಮೇಡಂ ಬರುವ ದಿನ ಉಯ್ಯಾಲೆಗೆ ಒಂದು ಮೆತ್ತೆ ನಾನೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ದರ್ಜಿ ಕೈಕೊಟ್ಟು ತಡವಾಯಿತು. ಮೆತ್ತೆ ಅಪ್ಪಿಕೊಂಡು ಓಡಿದಾಗ ಮೇಡಂ ಆಗಲೇ ಒಳಗಿದ್ದರು. ಅವರ ಕೊಡೆ ಮೆಟ್ಟಿಲ ಬುಡದಲ್ಲಿತ್ತು. ಹತ್ತಲೋ ಬೇಡವೋ ಎಂದು ನಡುಮೆಟ್ಟಿಲಲ್ಲಿ ನಿಂತೆ.

ಒಳಗಿನ ಸ್ಥಿತಿ ಹೀಗಿತ್ತು ಎಂದು ಆಮೇಲೆ ತಿಳಿಯಿತು. ಮೇಡಂ ಐವತ್ತರ ಆಸುಪಾಸಿನವರು, ತುಂಬಿದ ಮೈ, ಕನ್ನಡಕ. ಅಂಕಿಗಳನ್ನು ಒಂದೊಂದಾಗಿ ಓದುತ್ತ ಬಂದು ಉಯ್ಯಾಲೆಯ ಮುಂದೆ ನಿಂತು, "ಇದು ನಿಜವಾಗ್ಲೂ ಭದ್ರವಾಗಿದೆಯಾ?" ಎಂದರು. "ಕೂತೇ ನೋಡಿ ಮೇಡಂ" ಎಂದ ಕ್ರೇನಣ್ಣ. ಅವರು ಫೈಲು ಎದೆಗೆ ಅವುಚಿಕೊಂಡು ಕೂತರು. ಅವನು ಗೂಟದ ಬಳಿ ಹಗ್ಗ ಹಿಡಿದು ನಿಂತ. ಕೈಗೆ ಹಗ್ಗ ಬಂದರೆ ಕಣ್ಣು ತಾನಾಗಿ ಸನ್ನೆ ಕೊಡುವವರತ್ತ ಹೋಗುತ್ತದೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಸನ್ನೆ ಕೊಡುವವಳು ಹೊರಬಾಗಿಲಲ್ಲಿದ್ದಳು, ನನ್ನನ್ನು ನೋಡುತ್ತ.

ನಾನು ಹಿಂಜರಿಯುವುದನ್ನು ಕಂಡು ಅವಳು ಬೆರಳೆತ್ತಿ ಗಾಳಿಯಲ್ಲಿ ಸುತ್ತು ತಿರುಗಿಸಿದಳು. ಮೇಲೆ ಬನ್ನಿ, ಬೇಗ ಬನ್ನಿ.

ಒಳಗಿನಿಂದ ರಾಟೆಯ ಕಿರ್ ಸದ್ದು. ಹಿಂದೆಯೇ "ಅಯ್ಯಯ್ಯೋ!"

ನಾನು ಹಾರಿ ಒಳಬಿದ್ದೆ. ಮೇಡಂ ನನ್ನ ತಲೆಗಿಂತ ಮೇಲಿದ್ದರು. ಒಂದು ಚಪ್ಪಲಿ ನೆಲದಲ್ಲಿತ್ತು. ಕ್ರೇನಣ್ಣ ಗಂಭೀರವಾಗಿ, ಒಂದಿಷ್ಟೂ ಜರ್ಕ್ ಇಲ್ಲದೆ, ಇನ್ನೂ ಎತ್ತುತ್ತಿದ್ದ. ಹೆಂಡತಿಯ ಬೆರಳು ಗಾಬರಿಯಿಂದ ಎತ್ತಿದಂತೆಯೇ ಕಲ್ಲಾಗಿತ್ತು. ಆ ಬೆರಳು ಮೇಲಿರುವ ತನಕ ಅವನು ನಿಲ್ಲಿಸುವವನಲ್ಲ.

"ತಾಯೀ, ಕೈ ಬೀಸು!" ಎಂದು ಕೂಗಿದೆ.

ಅವಳು ಬೀಸಿದಳು. ಉಯ್ಯಾಲೆ ನಿಂತಿತು. ಅವನು ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ತಿರುಗಿ ನೋಡಿದ; ಆಗ ಅವನಿಗೆ ತಾನು ಯಾರನ್ನು ಎತ್ತಿದ್ದೇನೆಂದು ಹೊಳೆಯಿತು.

"ಏನ್ರೀ ಇದು!" ಮೇಲಿನಿಂದ ಮೇಡಂ.

"ಭಯ ಬೇಡ ಮೇಡಂ. ಇನ್ನೂರೈವತ್ತು ಕಿಲೋ ತಡಿಯುತ್ತೆ."

"ನಾನು ಅಷ್ಟಿಲ್ಲ ಕಣ್ರೀ!"

ನನಗೆ ನಗು ಬಂತು; ಹೆಂಡತಿಯ ಮುಖ ನೋಡಿ ನುಂಗಿಕೊಂಡೆ. ನಾಲ್ಕು ವರ್ಷ ಕಾದದ್ದು ಒಂದು ಬೆರಳಿನಿಂದ ಹೋಯಿತು ಎಂದು ಆ ಮುಖದಲ್ಲಿ ಬರೆದಿತ್ತು. "ತಪ್ಪಾಯ್ತು ಮೇಡಂ, ತಪ್ಪು ನನ್ನದು, ಇವರದ್ದಲ್ಲ" ಎನ್ನುತ್ತಿದ್ದಳು.

ಮೇಡಂ ಅವರ ಕಣ್ಣು ಎದುರಿಗಿದ್ದ ಬೀರುವಿನ ನೆತ್ತಿಯ ಮೇಲಿತ್ತು.

"ಇಲ್ಲಿ ಸಾಲಾಗಿಟ್ಟಿರೋ ಡಬ್ಬಗಳೇನು? ಎರಡು, ಮೂರು, ನಾಲ್ಕು, ಐದು... ಇದೂ ಕಿಲೋನಾ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ಆ ಡಬ್ಬಗಳನ್ನು ಕಂಡಿರಲಿಲ್ಲ.

"ವರ್ಷ ಮೇಡಂ" ಎಂದಳು ಮೆಲ್ಲಗೆ. "ಯಾವ ವಯಸ್ಸಿನ ಮಗು ಬರುತ್ತೋ ಗೊತ್ತಿಲ್ವಲ್ಲ. ಅದಕ್ಕೆ ಒಂದೊಂದು ವಯಸ್ಸಿಗೂ ಏನಾದ್ರೂ ಮಾಡಿಟ್ಟಿದೀವಿ. ಯಾವ ವಯಸ್ಸಲ್ಲಿ ಬಂದ್ರೂ ಬರಿಗೈಲಿ ನಿಲ್ಲಬಾರದು ಅಂತ. ಮಗು ಬರೋ ಮೊದಲೇ ಇಷ್ಟು ಆತುರಾನಾ ಅಂತ ಯಾರಾದ್ರೂ ನಗ್ತಾರೆ ಅಂತ ಮೇಲಿಟ್ವಿ."

ಮೇಡಂ ಕೈಚಾಚಿ 'ಮೂರು' ಎಂದಿದ್ದ ಡಬ್ಬ ತೆರೆದರು. ನನ್ನ ತುಂಡುಬಟ್ಟೆಯ ಆನೆ ಹೊರಬಂತು. ಒಂದು ಕಾಲು ಗೀರು, ಒಂದು ಕಾಲು ಚುಕ್ಕಿ, ಬೆನ್ನು ನೀಲಿ. ಅದನ್ನು ಮಗುಚಿ ಹೊಟ್ಟೆ ನೋಡಿದರು.

"'೧೫ ಕಿಲೋ'. ಇದ್ಯಾಕೆ?"

"ಮಗು ಅದರ ಮೇಲೆ ಕೂತೇ ಕೂರುತ್ತಲ್ಲ ಮೇಡಂ" ಎಂದ ಕ್ರೇನಣ್ಣ. ಅದೊಂದು ಮಾತು ಅವನಿಗೆ ಸರಿಯಾಗಿ ಕೇಳಿಸಿತ್ತು.

ಮೇಡಂ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಉಯ್ಯಾಲೆ ಅವರ ನಗುವಿಗೇ ತೂಗಾಡಿತು. ಹೆಂಡತಿ ಇಳಿಸುವ ಸನ್ನೆಗೆ ಕೈ ಎತ್ತಿದಾಗ, "ಸ್ವಲ್ಪ ತಡಿಯಮ್ಮ, ಉಳಿದಿದ್ದನ್ನೂ ನೋಡ್ತೀನಿ" ಎಂದು ಒಂದೊಂದೇ ಡಬ್ಬ ತೆರೆದರು. ಆರಕ್ಕೆ ರಟ್ಟಿನ ಕ್ರೇನು, ಕೊಕ್ಕೆ ನಿಜವಾಗಿ ಎತ್ತುತ್ತಿತ್ತು. ಎಂಟಕ್ಕೆ ಬೀಗವಿರುವ ಪುಟ್ಟ ಪೆಟ್ಟಿಗೆ. "ಎಂಟು ವರ್ಷಕ್ಕೆ ಗುಟ್ಟು ಶುರುವಾಗುತ್ತೆ ಮೇಡಂ" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

ಕೆಳಗಿಳಿದ ಮೇಲೆ ಮೇಡಂ ಚಪ್ಪಲಿ ಮೆಟ್ಟಿ ಮತ್ತೆ ಅಧಿಕಾರಿಯಾದರು. ಇಬ್ಬರ ಪಾಳಿಯ ಹೊತ್ತು ಕೇಳಿ ಬರೆದುಕೊಂಡರು. ಮಧ್ಯಾಹ್ನ ಎರಡೂವರೆಗೆ ಅವನು ಹೊರಡಬೇಕು, ಅವಳು ಬರುವುದು ಮೂರೂವರೆಗೆ.

"ಆ ಒಂದು ಗಂಟೆ ಮಗು ಹತ್ರ ಯಾರಿರ್ತಾರೆ?"

ಆರು ವಾರ ಎಲ್ಲದರ ತೂಕ ನೋಡಿದವರು ಈ ಒಂದನ್ನು ನೋಡಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ಈ ಸಲ ಯಾವ ಸನ್ನೆಯೂ ಇಲ್ಲ.

"ಅಣ್ಣ ಇದಾರೆ ಮೇಡಂ."

"ಸ್ವಂತ ಅಣ್ಣನಾ?"

"ಅಲ್ಲ. ಎದುರು ಅಂಗಡಿಯವರು."

ಮೇಡಂ ಕನ್ನಡಕದ ಮೇಲಿಂದ ನನ್ನನ್ನು ಅಳೆದರು. ನಾನು ದಿನವೂ ಗಿರಾಕಿಗಳನ್ನು ಹೇಗೆ ಅಳೆಯುತ್ತೇನೋ ಹಾಗೆಯೇ. "ನೀವೇನಂತೀರಿ? ಒಂದು ದಿನದ ಮಾತಲ್ಲ ಇದು."

ಯಾರು ಏನು ಕೇಳಿದರೂ 'ನೋಡಿ ಹೇಳ್ತೀನಿ' ಎನ್ನುವುದು ನನ್ನ ಪದ್ಧತಿ. ವ್ಯಾಪಾರದಲ್ಲಿ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಅದು ಬಾಯಿಗೆ ಬರಲಿಲ್ಲ.

"ಆ ಹೊತ್ತಲ್ಲಿ ಅಂಗಡೀಲಿ ನೊಣ ಹೊಡೀತಿರ್ತೀನಿ ಮೇಡಂ. ನೋಡ್ಕೋತೀನಿ. ದಿನಾ ನೋಡ್ಕೋತೀನಿ."

ಅವರು ನನ್ನ ಹೆಸರು, ವಿಳಾಸ ಬರೆದುಕೊಂಡರು. 'ಸಂಬಂಧ' ಎಂಬಲ್ಲಿ ಪೆನ್ನು ನಿಂತಿತು. ಕ್ರೇನಣ್ಣ ಬಗ್ಗಿ ನೋಡಿ, "ಮಗುಗೆ ಸೋದರಮಾವ ಅಂತ ಬರೀರಿ" ಎಂದ. ಬರೆದರು.

ಐದು ತಿಂಗಳಿಗೆ ಮಗು ಬಂತು. ಮೂರು ವರ್ಷದ ಹುಡುಗಿ. ಈಗ ಎರಡೂವರೆಗೆ ಸರಿಯಾಗಿ ನನ್ನ ಬಟ್ಟೆಯ ಥಾನುಗಳ ಮೇಲೆ ಹತ್ತಿ ಕೂರುತ್ತಾಳೆ. ಬಂದ ಗಿರಾಕಿಗೆ, "ಇದು ಬೇಡ ಅಕ್ಕಾ, ಒಗೆದ್ರೆ ಬಣ್ಣ ಹೋಗುತ್ತೆ, ಮಾವನೇ ಹೇಳಿದಾರೆ" ಎನ್ನುತ್ತಾಳೆ. ಮಧ್ಯಾಹ್ನದ ಆ ಒಂದು ಗಂಟೆಯಲ್ಲಿ ನನ್ನ ಅಂಗಡಿಯಿಂದ ಏನೂ ಹೊರಗೆ ಹೋಗುವುದಿಲ್ಲ, ನಗುವೊಂದರ ಹೊರತು.

ನನಗೆ ಮದುವೆಯಾಗಲಿಲ್ಲ, ಒಡಹುಟ್ಟಿದವರೂ ಇಲ್ಲ. ನನ್ನನ್ನು ಮಾವ ಎಂದು ಕರೆಯುವ ಒಂದು ಮಗುವಿದೆ. ಇದು ಆ ಗಂಡ ಹೆಂಡತಿಯಿಂದ ನನಗೆ ಬಂದದ್ದು, ನಾನು ಅವರಿಗೆ ಋಣಿ.