ಮುಂಜಾನೆ ಬಂದು ಸಂಜೆಗೆ ಹೋಗುವವಳು

ಮಾವಶಿಯ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮುನಿಸಿಕೊಂಡಂತೆ ದೂರ ಸರಿದು ನಿಂತಿತ್ತು. ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಆಕೆ ಚಪ್ಪಲಿ ಹೊರಗೆ ಬಿಟ್ಟು, ಆ ಹೆಬ್ಬೆರಳನ್ನು ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. "ಇಲ್ಲಿ ಥಂಡಿ ಏರತೈತಿ ಯವ್ವಾ. ಕೂಸಿನ ಕೆಮ್ಮು ಹೋಗೂದಿಲ್ಲ. ನಡಿ, ಹೋಗೂಣು." ಮಾಲಕರು ಟೈಲ್ಸು, ಸಿಂಕು ಎಂದು ವರ್ಣಿಸುತ್ತಿರುವಾಗಲೇ ಆಕೆ ಗೇಟು ದಾಟಿರುತ್ತಿದ್ದಳು. ಹಿಂದೆ ಉಳಿದು ಹಲ್ಲು ಕಿರಿಯುವ ಕೆಲಸ ನನ್ನದು.

ಮಾವಶಿ ಅಂದರೆ ಚಿಕ್ಕಮ್ಮ, ಆದರೆ ಆಕೆಗೂ ನನಗೂ ರಕ್ತಸಂಬಂಧವೇನಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿ ಒಂದೇ ಕಂಪೌಂಡಿನ ಎರಡು ಮನೆಗಳಲ್ಲಿ ಆರು ವರ್ಷ ಅಕ್ಕಪಕ್ಕ ಬಾಡಿಗೆಗಿದ್ದೆವು. ನಾನು ಹಳಿಯಾಳ ಕಡೆಯ ಲಿಂಗಾಯತರ ಮನೆಯ ಮಗಳು, ದಾಂಡೇಲಿಯಲ್ಲಿ ನರ್ಸು. ಆಕೆ ಹಳಿಯಾಳದಾಚೆಯ ಕಾಡಂಚಿನ ಊರಿನ ಸಿದ್ದಿ ಹೆಂಗಸು, ಕೊರಳಲ್ಲಿ ಶಿಲುಬೆ, ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ. ನನ್ನ ಬಾಣಂತನದ ರಜೆ ಮುಗಿದಾಗ ಮುಂಡಗೋಡದಿಂದ ಅತ್ತೆ ಫೋನಿನಲ್ಲಿ ಅಪ್ಪಣೆ ಮಾಡಿದರು: "ಕೂಸಿನ್ನ ಇಲ್ಲಿ ತಂದು ಬಿಡು, ಇಲ್ಲಂದ್ರ ನೌಕರಿ ಬಿಡು." ನಾನು ಹೊಸ್ತಿಲಲ್ಲಿ ಕುಳಿತು ಅಳುತ್ತಿದ್ದೆ. ಮಾವಶಿ ಬಂದು ಮಗುವನ್ನು ಕೈಯಿಂದ ಕಸಿದುಕೊಂಡಳು. "ಅಳಬ್ಯಾಡ, ಎದಿಹಾಲು ಬತ್ತತೈತಿ. ಹೋಗು ಡ್ಯೂಟಿಗಿ." ಅಂದಿನಿಂದ ನನ್ನ ಮಗಳು ಆಕೆಯ ಸೊಂಟದ ಮೇಲೆಯೇ ಬೆಳೆದಳು. ಸಂಬಳದ ಮಾತೆತ್ತಿದ್ದಕ್ಕೆ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಮಗಳು ನೀರಿಗೆ ಮೊದಲು ಕಲಿತ ಮಾತು ಮಾವಶಿಯ ಕೊಂಕಣಿಯ 'ಉದಕ'. ಅದನ್ನು ಕೇಳಿ ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತರು.

ನಾನು ಸಿಡುಕಿ. ಪಾಳಿ ಮುಗಿಸಿ ಬಂದರೆ ಗೋಡೆಯ ಜೊತೆಗೂ ಜಗಳ ತೆಗೆಯುವವಳು. ಮಾವಶಿ ಎದುರು ವಾದಿಸುತ್ತಿರಲಿಲ್ಲ, ತಾಟು ತಂದಿಡುತ್ತಿದ್ದಳು. "ಮೊದಲ ಉಣ್ಣು. ಹಸಿದ ಹೊಟ್ಟ್ಯಾಗ ಮಾಡಿದ ಸಿಟ್ಟು ಮೈಗಿ ಹತ್ತೂದಿಲ್ಲ. ಉಂಡು ಬೇಕಾದ್ರ ನನ್ನ ಬಡಿ."

ನಮ್ಮ ಕಂಪೌಂಡು ಮಾರಾಟವಾಯಿತು. ತಿಂಗಳ ಕೊನೆಗೆ ಎರಡೂ ಮನೆ ಖಾಲಿ ಮಾಡಬೇಕು. ನಾಳೆ ನೋಡಿದರಾಯಿತು ಎನ್ನುತ್ತ ನಾನು ಮೂರು ವಾರ ಕಳೆದಿದ್ದೆ. ಉಳಿದದ್ದು ಒಂದೇ ವಾರ. ಆ ಭಾನುವಾರ ಚಹಾ ಕುಡಿಯುತ್ತ ಅಂದೆ, "ಮಾವಶಿ, ನಿನಗ ಬ್ಯಾರೆ ಮನಿ ಯಾಕ? ನಮ್ಮ ಸಂಗಾಟ ಇರು. ಒಂದು ಖೋಲಿ ಹೆಚ್ಚಿಗಿ ಇರೂ ಮನಿ ಹುಡುಕೂಣು." ಆಕೆ ಚಹಾದ ಲೋಟ ತೊಳೆದಿಟ್ಟು ತನ್ನ ಮನೆಗೆ ಹೋದಳು. ಮರುದಿನ ನೋಡಿದರೆ ತನ್ನ ಮಂಚ, ಕಪಾಟು, ಸ್ಟೋವು ಎಲ್ಲವನ್ನೂ ಓಣಿಯವರಿಗೆ ಹಂಚಿಬಿಟ್ಟಿದ್ದಳು. "ಮಗಳ ಮನ್ಯಾಗ ಎರಡ ಒಲಿ ಯಾಕ?" ಎಂದು ನಕ್ಕಳು.

ಆ ವಾರ ನೆನೆದರೆ ಈಗಲೂ ಕಾಲುಗಳು ನೋಯುತ್ತವೆ. ಸೋಮವಾರ ನಾಲ್ಕು ಮನೆ ನೋಡಿದೆವು. ಒಂದು ಮೂರನೇ ಮಹಡಿ, ಮಾವಶಿಯ ಮೊಣಕಾಲಿಗೆ ಆಗದು. ಉಳಿದವು ಹೆಬ್ಬೆರಳಿನ ಪರೀಕ್ಷೆಯಲ್ಲಿ ನಪಾಸಾದವು. ಮಂಗಳವಾರ ಎರಡು ಪಾಳಿ. ಬುಧವಾರ ಮುಂಡಗೋಡದಲ್ಲಿ ನಾದಿನಿಯ ಕುಬಸ. ಹೋಗದಿದ್ದರೆ ಜನ್ಮವಿಡೀ ಆಡಿಕೊಳ್ಳುತ್ತಾರೆಂದು ಬಸ್ಸಿನಲ್ಲಿ ನಿಂತೇ ಹೋಗಿ, ಬಸುರಿಗೆ ಉಡಿ ತುಂಬಿ, ನಿಂತೇ ಬಂದೆ. ಗುರುವಾರ ವರ್ಗವಾಗಿ ಹೊರಟ ಗೆಳತಿಗೆ ಬೀಳ್ಕೊಡುಗೆ, ಮನೆಗೆ ಬಂದರೆ ಮಗಳಿಗೆ ಜ್ವರ. ಗಂಡ ಲಾರಿ ಚಾಲಕ, ಗೋವಾ ದಾರಿಯವನು. ಫೋನ್ ಮಾಡಿದರೆ, "ಅನಮೋಡ ಚೆಕ್‌ಪೋಸ್ಟಿನ್ಯಾಗ ನಿಂತೇನಿ. ನಿನ್ನ ಮನಸ್ಸಿಗಿ ಬಂದದ್ದು ತಗೋ" ಎಂದ. ನನ್ನ ಮನಸ್ಸಾದರೂ ಎಲ್ಲಿತ್ತು ಆಗ! ಮಗಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತ ಎರಡು ರಾತ್ರಿ ಎಚ್ಚರ ಕೂತವಳು ಮಾವಶಿ.

ಶನಿವಾರ ಹೊಸ ಅಪಾರ್ಟ್‌ಮೆಂಟಿನ ನೆಲಮಹಡಿಯ ಮೊದಲ ಮನೆ ಸಿಕ್ಕಿತು, ಎರಡೇ ಮೆಟ್ಟಿಲು. ಅಡಿಗೆಮನೆಯ ಹಿಂದೆ ಒಂದು ಸಣ್ಣ ಖೋಲಿ, ಅದಕ್ಕೊಂದು ಕಿಟಕಿ. ಮಾವಶಿ ಹೆಬ್ಬೆರಳು ಒತ್ತಿ ಕಣ್ಣು ಮುಚ್ಚಿದಳು. ತೆರೆದಾಗ ಮುಖ ಅರಳಿತ್ತು. "ಬೆಚ್ಚಗೈತಿ." ಸೊಂಟದ ಮೇಲಿದ್ದ ಮಗಳಿಗೆ ಕಿವಿಯಲ್ಲಿ ಹೇಳಿದಳು, "ಈ ಖೋಲಿ ನಂದು, ನಿಂದು."

ಅಷ್ಟರಲ್ಲಿ ಮಾಲಕರ ಹೆಂಡತಿ ಬಂದರು. ಹಣೆಯ ತುಂಬ ವಿಭೂತಿ, ಮಾತು ಬೆಣ್ಣೆ.

"ನೀವು ನಮ್ಮ ಪೈಕಿನ ಅಂದ್ರಲ್ಲ, ಛಲೋ ಆತು ನೋಡ್ರಿ. ನಾವು ಮಂದಿ ನೋಡಿ ಮನಿ ಕೊಡ್ತೇವಿ. ಮನ್ಯಾಗ ಯಾರ್ಯಾರು ಇರ್ತೀರಿ?"

"ನಾವು ಮೂರು ಮಂದಿ ರೀ."

"ಮತ್ತ ಇವರು?"

ಮಾವಶಿ ನನ್ನತ್ತ ನೋಡಲಿಲ್ಲ, ಕಿಟಕಿಯತ್ತ ನೋಡುತ್ತಿದ್ದಳು. ತಿಂಗಳು ಮುಗಿಯಲು ಎರಡು ದಿನವಿತ್ತು. ಮಗಳ ಮೈ ಇನ್ನೂ ಬಿಸಿ ಇತ್ತು. ನೆಪಗಳು ಬೇಕಾದಷ್ಟಿವೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ.

"ಕೂಸಿನ್ನ ನೋಡ್ಕೊಳ್ಳಾಕ ಬರ್ತಾರ್ರಿ. ಮುಂಜಾನೆ ಬಂದು ಸಂಜಿಗಿ ಹೋಗ್ತಾರ" ಎಂದೆ.

ಮಾವಶಿ ಮಗಳನ್ನು ಮೆಲ್ಲಗೆ ಕೆಳಗಿಳಿಸಿದಳು. ಸೆರಗು ಸರಿಮಾಡಿಕೊಂಡಳು. "ಬಾಯಾರ, ಹೊತ್ತಾತು. ನಾ ಬರ್ತೇನ್ರಿ" ಎಂದು ನನಗೆ ಕೈ ಮುಗಿದು ಹೊರಟಳು. ಆರು ವರ್ಷದಲ್ಲಿ ಆಕೆ ನನ್ನನ್ನು, ಕೆಲಸದವಳು ಯಜಮಾನಿಯನ್ನು ಕರೆಯುವ ಹಾಗೆ, ಬಾಯಾರ ಎಂದದ್ದು ಅದೇ ಮೊದಲು. ನನ್ನ ಸುಳ್ಳಿಗೆ ಅಲ್ಲೇ ನಿಂತು ಸಾಕ್ಷಿ ಹೇಳಿ ಹೋಗಿದ್ದಳು, ಪುಣ್ಯವಂತೆ.

ಮನೆಗೆ ಬಂದು ಆಕೆಯ ಕಾಲು ಹಿಡಿದೆ. "ಎರಡು ತಿಂಗಳು ತಡಿ ಮಾವಶಿ, ಮಾಲಕರಿಗೆ ನಾ ಹೇಳ್ತೇನಿ. ಕೂಸಿನ ಆಣಿ, ಖರೇನ ಹೇಳ್ತೇನಿ." ಆಕೆ ಕಾಲು ಹಿಂದೆಳೆದುಕೊಂಡಳು. "ಮನಿ ಛಲೋ ಐತಿ. ಕೂಸಿಗಿ ಬೇಕು. ತಗೋ." ಅಂಬೇವಾಡಿಯಲ್ಲೇ ತಗಡಿನ ಒಂದು ಖೋಲಿ ಹಿಡಿದಳು. ಹಂಚಿದ ಮಂಚವನ್ನು ವಾಪಸು ಕೇಳಲಿಲ್ಲ, ಚಾಪೆಯ ಮೇಲೆ ಮಲಗಿದಳು.

ಎರಡು ತಿಂಗಳು ಎರಡು ವರ್ಷವಾಯಿತು. ಹಬ್ಬ ಮುಗಿಯಲಿ, ಮಗಳು ಶಾಲೆಗೆ ಸೇರಲಿ, ಕರಾರು ಹೊಸದಾಗಲಿ ಎಂದು ದೂಡಿದೆ. ಮಾವಶಿ ಮುಂಜಾನೆ ಏಳಕ್ಕೆ ಬರುತ್ತಿದ್ದಳು, ಸಂಜೆ ದೀಪ ಹಚ್ಚುವ ಮೊದಲು ಚಪ್ಪಲಿ ಮೆಟ್ಟುತ್ತಿದ್ದಳು. ಮಗಳು ಸೆರಗು ಹಿಡಿದು ಅತ್ತರೂ ನಿಲ್ಲುತ್ತಿರಲಿಲ್ಲ. ಮಾಲಕರ ಹೆಂಡತಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಎಷ್ಟು ಅಚ್ಚುಕಟ್ಟಾದ ಹೆಂಗಸು ಎಂದು ಅವರು ನನ್ನೆದುರು ಹೊಗಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ.

ಆಷಾಢದ ಒಂದು ಸಂಜೆ ಆಕೆಗೆ ಮೈ ಸುಡುತ್ತಿತ್ತು. ಉಸಿರಿನಲ್ಲಿ ಸಣ್ಣ ಸೀಟಿಯ ಸದ್ದು. ಹೊರಗೆ ಮಳೆ.

"ಇವತ್ತ ಇಲ್ಲೇ ಮಲಗು ಮಾವಶಿ. ನನ್ನ ಮಾತು ಕೇಳು."

"ಸಂಜಿಗಿ ಹೋಗ್ತಾರ ಅಂತ ಹೇಳಿಯಲ್ಲ, ಯವ್ವಾ. ಮಾಲಕರು ನೋಡ್ತಾರ. ನಿನ್ನ ಮಾತು ಸುಳ್ಳಾಗಬಾರದು."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಇನ್ನೊಂದು ಸಲ ಒತ್ತಾಯ ಮಾಡಬಹುದಿತ್ತು, ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು. ಮುಚ್ಚಿಡುವುದೇಕೆ, ಆಕೆ ಹೊರಟಾಗ ನನಗೆ ಒಳಗೊಳಗೇ ಹಗುರವಾಯಿತು. ಮಾತ್ರೆ ಕೊಟ್ಟೆ, ಛತ್ರಿ ಕೊಟ್ಟೆ, ರಿಕ್ಷಾ ಹತ್ತಿಸಿದೆ.

ಮರುದಿನ ಏಳಾಯಿತು, ಏಳೂವರೆಯಾಯಿತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಿದೆ. ತಗಡಿನ ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಮಾವಶಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಂಬಿಗೆ ಉರುಳಿ ನೀರೆಲ್ಲ ನೆಲದ ಪಾಲಾಗಿತ್ತು. ಇಷ್ಟು ವರ್ಷ ಯಾರ್ಯಾರದೋ ನಾಡಿ ಹಿಡಿದ ಕೈ ನನ್ನದು. ಮುಟ್ಟಿದ ಕೂಡಲೇ ತಿಳಿಯಿತು.

ಆಂಬ್ಯುಲೆನ್ಸಿನಲ್ಲಿ ನಾನೇ ಆಕೆಯನ್ನು ಅವರೂರಿಗೆ ಕರೆದೊಯ್ದೆ. ಇಗರ್ಜಿಯ ಹಿಂದೆ ಗುಂಡಿ ತೋಡಿದ್ದರು. ಮಣ್ಣು ಕೊಟ್ಟಾದ ಮೇಲೆ ಆಕೆಯ ತಮ್ಮನ ಮಗ ನನ್ನನ್ನು ಮನೆಯ ಜಗಲಿಯಲ್ಲಿ ಕೂರಿಸಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದ:

"ನಮ್ಮ ಅತ್ತಿ ಪುಣ್ಯ ಮಾಡಿದ್ಲ್ರಿ ಅಕ್ಕಾರ. ಊರಿಗಿ ಬಂದುಬಿಡು ಅಂತ ಎಷ್ಟ ಸಲ ಕರದೇವಿ. 'ಮಗಳು ಬಿಡೂದಿಲ್ಲೋ, ಅಡಿಗಿಮನಿ ಹಿಂದ ನನಗಂತ ಒಂದು ಖೋಲಿ ಕೊಟ್ಟಾಳ, ಕೂಸು ನನ್ನ ಬಾಜೂಕ ಮಲಗ್ತೈತಿ' ಅಂತಿದ್ಲು. ಎರಡು ವರ್ಷ ಅದ ಹಾಡು."

ಮಾವಶಿಯ ಅಕ್ಕ, ಕಣ್ಣು ಮಂಜಾದ ಮುದುಕಿ, ತಡವರಿಸುತ್ತ ನನ್ನ ಹತ್ತಿರ ಸರಿದಳು.

"ಕಡೀಗಿ ಬಾಯಾಗ ನೀರು ನೀನ ಹಾಕಿದ್ಯಾ, ನನ್ನವ್ವ?"

ಜಗಲಿಯ ಮಂದಿಯೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ, ಆಯಿ" ಎಂದೆ. "ನಾನ ಹಾಕಿದೆ. ತಲಿ ನನ್ನ ತೊಡಿ ಮ್ಯಾಲಿತ್ತು."

ಮುದುಕಿ ನನ್ನ ಎರಡೂ ಕೈಗಳನ್ನು ಹುಡುಕಿ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.