ಸೊಸೆಯ ತಲೆಗೆ ಆಯಸ್ಕಾಂತ

ಬನ್ನಂಜೆಯ ನಮ್ಮ ಬಾಡಿಗೆ ಕೋಣೆಯಲ್ಲಿದ್ದ ಸೋಮವ್ವ ಯಾರಿಗೂ ಹೆದರಿದವಳಲ್ಲ. ಬಾದಾಮಿ ಕಡೆಯವಳು. ಗಂಡ ಸತ್ತ ಮೇಲೆ ಮಗ ಹನುಮೇಶನನ್ನು ಕಟ್ಟಿಕೊಂಡು ಉಡುಪಿಗೆ ಬಂದು, ಕಾಂಕ್ರೀಟ್ ಹೊತ್ತು ಅವನನ್ನು ಗಾರೆ ಮೇಸ್ತ್ರಿ ಮಾಡಿದಳು. ಕೂಲಿ ತಡವಾದರೆ ಕಂಟ್ರಾಕ್ಟರನ ಬೈಕಿನ ಕೀ ಕಿತ್ತಿಟ್ಟುಕೊಳ್ಳುತ್ತಿದ್ದಳು. ಈ ವೆರೊನಿಕಾಳ, ಅಂದರೆ ನನ್ನ, ಬಾಯಿಗೆ ಓಣಿಯೇ ಹೆದರುತ್ತದೆ. ನೀರಿನ ಜಗಳದಲ್ಲಿ ನನ್ನ ಬಾಯನ್ನೂ ಅವಳು ಮುಚ್ಚಿಸಿದ್ದಾಳೆ.

ಅಂಥವಳು 2008ರಲ್ಲಿ ಸೊಸೆ ನಾಗವೇಣಿ ಹೆತ್ತ ಮೇಲೆ ನಡುಗತೊಡಗಿದಳು. ನಾಗವೇಣಿ ಕೂಸನ್ನು ಮುಟ್ಟುತ್ತಿರಲಿಲ್ಲ. ಹಾಲೂಡಿಸುವಾಗಲೂ ಸೋಮವ್ವನೇ ಹಿಡಿದಿರಬೇಕು. ಒಂದು ದಿನ ಅವಳು ಅತ್ತೆಯ ಸೆರಗು ಹಿಡಿದು, "ಕೂಸನ್ನ ನನ್ನ ಕೈಯಾಗ ಕೊಡಬ್ಯಾಡ್ರಿ ಅತ್ತಿ. ಬಾವಿ ಕಂಡ್ರ ಕೈ ಬಿಡು, ಕೈ ಬಿಡು ಅಂತೈತಿ ಮನಸು," ಎಂದು ಅತ್ತಳು. ಅಂದಿನಿಂದ ಸೋಮವ್ವ ಕೆಲಸಕ್ಕೆ ಹೋಗಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಅಡುಗೆ ಮಾಡಿದಳು.

ಮಣಿಪಾಲದ ಡಾಕ್ಟರು ಇದು ಹೆರಿಗೆಯ ನಂತರದ ಖಿನ್ನತೆ ಎಂದರು. ಮಾತ್ರೆ ನಾಟಲಿಲ್ಲ. ಆಗ ಹೊಸದಾಗಿ ಬಂದ ಮೆಷಿನ್ನಿನ ಮಾತು ಬಂತು. ಆಯಸ್ಕಾಂತವನ್ನು ತಲೆಗೆ ಹಿಡಿದು ಮೆದುಳಿನ ಮಂಕಾದ ಭಾಗವನ್ನು ತಟ್ಟಿ ಎಬ್ಬಿಸುವುದಂತೆ. ಪ್ರಜ್ಞೆ ತಪ್ಪಿಸುವುದಿಲ್ಲ, ಹಾಲೂಡಿಸುವುದನ್ನು ಬಿಡಬೇಕಿಲ್ಲ. ವಾಸಿಯಾಗುತ್ತದೆಂದು ಖಾತ್ರಿ ಕೊಡಲಾರೆ ಎಂದೂ ಹೇಳಿದರು.

ಬಾಣಂತಿಯ ತಲೆಗೆ ಗಾಳಿ ಸೋಕಬಾರದೆಂದು ಬಟ್ಟೆ ಸುತ್ತಿ, ಕಿವಿಗೆ ಹತ್ತಿ ತುರುಕಿ ಕಾದವಳು ಸೋಮವ್ವ. ಈಗ ಅದೇ ತಲೆಯನ್ನು ಬರಿದು ಮಾಡಿ ಮೆಷಿನ್ನಿಗೆ ಒಡ್ಡಬೇಕು! ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು.

"ಓಲೆ, ಪಿನ್ನು ಎಲ್ಲ ತೆಗೆಯಿರಿ. ಕಬ್ಬಿಣದ್ದು ಬೇರೆ ಎಂತದಾದರೂ ಉಂಟಾ?" ಎಂದು ಟೆಕ್ನೀಶಿಯನ್ ಲಿಯೋನೆಲ್ ಕೇಳಿದ.

"ಏನೂ ಇಲ್ರಿ," ಎಂದಳು ಸೋಮವ್ವ.

ಅವನು ಆಯಸ್ಕಾಂತವನ್ನು ಎತ್ತಿದ್ದೇ ತಡ, ಓಡಿಹೋಗಿ ಅವನ ಕೈ ಹಿಡಿದಳು. ಸೊಸೆಯ ತುರುಬಿಗೆ ಬೆರಳು ಹಾಕಿ ಒಂದು ಮೊಳೆ ಹೊರತೆಗೆದಳು. ಬಾಣಂತಿಯ ಬಳಿ ಕಬ್ಬಿಣವಿದ್ದರೆ ಕೆಟ್ಟದ್ದು ಸುಳಿಯುವುದಿಲ್ಲವೆಂದು ಅವಳೇ ಅಲ್ಲಿ ಅಡಗಿಸಿಟ್ಟಿದ್ದಳು.

ಲಿಯೋನೆಲ್ ಬಿಳಿಚಿಕೊಂಡ. "ಎಂತ ಮಾರಾಯ್ರೆ ಇದು! ತಲೆಯಲ್ಲಿ ಕಬ್ಬಿಣ ಇಟ್ಟುಕೊಂಡು ಇದರ ಹತ್ತಿರ ಬರಲೇಬಾರದು!"

ಕಾಪಾಡಲು ಹೋಗಿ ತಾನೇ ಸೊಸೆಯ ಜೀವಕ್ಕೆ ಎರವಾಗುತ್ತಿದ್ದೆನೆಂದು ಸೋಮವ್ವ ನಿಂತಲ್ಲೇ ಬೆವತಳು. ಡಾಕ್ಟರು ಬಂದು, ಎಷ್ಟು ಶಕ್ತಿ ಕೊಟ್ಟರೆ ಬೆರಳು ಅದುರುತ್ತದೆಂದು ಮೊದಲು ಪರೀಕ್ಷಿಸಿದರು. ಮೆಷಿನ್ ಟಕ್ಕೆಂದಿತು, ನಾಗವೇಣಿಯ ಹೆಬ್ಬೆರಳು ತಾನಾಗಿಯೇ ಅದುರಿತು. ಸೋಮವ್ವನ ಉಗುರು ನನ್ನ ತೋಳಿಗೆ ನಾಟಿತು. ನಾನೂ ಕಣ್ಣು ಮುಚ್ಚಿಕೊಂಡೆ.

ವಾರಗಟ್ಟಲೆ ಬಸ್ಸಿನಲ್ಲಿ ಮಣಿಪಾಲಕ್ಕೆ ಓಡಾಡಿದರು. ನಾಗವೇಣಿ ಊಟ ಕೇಳಿದಳು, ನಿದ್ದೆ ಮಾಡಿದಳು, ಕೂಸಿನ ಮಾತು ಮಾತ್ರ ಎತ್ತಲಿಲ್ಲ. ಇನ್ನು ಕೂಸನ್ನು ಅವಳ ಕೈಗೆ ಕೊಡಬಹುದು ಎಂದು ಡಾಕ್ಟರು ಹೇಳಿದರೂ ಸೋಮವ್ವ ಕೊಡಲಿಲ್ಲ. ಆಮೇಲೊಂದು ಬೆಳಿಗ್ಗೆ ಅಂಗಳದಲ್ಲಿ ಕೂಸು ಅತ್ತಾಗ ನಾಗವೇಣಿ ಎರಡೂ ಕೈ ಚಾಚಿದಳು.

"ಕೊಡ್ರಿ ಅತ್ತಿ. ಈಗ ಹಂಗ ಅನಸೂದಿಲ್ಲ."

ಸೋಮವ್ವ ಕೂಸನ್ನು ಅವಳ ತೋಳಿನಲ್ಲಿಟ್ಟಳು, ತನ್ನ ಕೈ ಮಾತ್ರ ಕೂಸಿನ ಕೆಳಗೇ ಇಟ್ಟಿದ್ದಳು.

"ಕೈ ತಗೀರಿ."

ಸೋಮವ್ವ ನನ್ನತ್ತ ನೋಡಿದಳು.

"ಹೆದರಿಕಿ ನನಗೂ ಐತ್ರಿ ಅತ್ತಿ. ಆದ್ರೂ ತಗೀರಿ."

ಸೋಮವ್ವ ಕೈ ತೆಗೆದಳು. ನಾಗವೇಣಿ ಅಳುತ್ತಿದ್ದ ಕೂಸನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಸೋಮವ್ವ ಹೊರಗೆ ಕುಳಿತು, ಒಳಗಿನ ಒಂದೊಂದು ಸದ್ದಿಗೂ ಬೆಚ್ಚುತ್ತ, ಎದ್ದು ಓಡಿಹೋಗದಂತೆ ಎರಡೂ ಕೈಯಿಂದ ಹೊಸ್ತಿಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.