ಸ್ಪಂದನ ಕೇಂದ್ರದ ಸದಸ್ಯೆ

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನಾನು ತುಮಕೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮದು ಕುಣಿಗಲ್ ಕಡೆ, ತೆಂಗಿನ ತೋಟ, ರಾಗಿ ಹೊಲ ಇದ್ದ ಮನೆ. ಕಾಲೇಜು ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದವಳು ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಕಡೆಯ ದಲಿತ ಹುಡುಗಿ. ಅವಳಷ್ಟು ಚೆನ್ನಾಗಿ ಕನ್ನಡ ಬರೆಯುವವರು ನಮ್ಮ ಕ್ಲಾಸಿನಲ್ಲಿ ಇನ್ನೊಬ್ಬರಿರಲಿಲ್ಲ.

ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಅವಳು ತನ್ನ ಲೋಟ ಎತ್ತಿ ತಳ ತೋರಿಸಿದಳು. ಕೆಂಪು ನೈಲ್ ಪಾಲಿಶಿನ ಚುಕ್ಕೆ.

"ನಿನ್ದು ನೋಡು."

ನನ್ನದರಲ್ಲಿ ಇರಲಿಲ್ಲ. ಮೆಸ್ಸಿನಲ್ಲಿ ಅಂಥ ಲೋಟ ಸಿಗುತ್ತಿದ್ದುದು ಅವಳ ಜಾತಿಯ ಹುಡುಗಿಯರಿಗೆ ಮಾತ್ರ. ಅಡುಗೆಯವಳು ಹುಡುಕಿ ಹುಡುಕಿ ಇಡುತ್ತಿದ್ದಳು. ಮೂರು ವರ್ಷ ಅಲ್ಲೇ ಉಂಡ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಆ ವರ್ಷ ಕಾಲೇಜಿಗೆ ತಪಾಸಣಾ ತಂಡ ಬರುವುದಿತ್ತು. ಅದಕ್ಕೆಂದೇ ಲೈಬ್ರರಿ ಪಕ್ಕದ ಸ್ಪೋರ್ಟ್ಸ್ ರೂಮು ಖಾಲಿ ಮಾಡಿ, ಸುಣ್ಣ ಬಳಿದು, 'ವಿದ್ಯಾರ್ಥಿ ಸ್ಪಂದನ ಕೇಂದ್ರ: ನಿರ್ಭಯವಾಗಿ ಮಾತನಾಡಿ' ಎಂದು ಬೋರ್ಡ್ ಹಾಕಿದ್ದರು. ಉಸ್ತುವಾರಿಗೆ ಒಬ್ಬ ಲೆಕ್ಚರರ್. ವಿದ್ಯಾರ್ಥಿ ಸದಸ್ಯೆ ನಾನು.

"ಬರ್ಕೊಡೇ. ಹೆಸ್ರು ಗುಟ್ಟಾಗಿಡ್ತಾರೆ. ಆ ರೂಮಿರೋದೇ ಅದಕ್ಕೆ ಕಣೇ," ಎಂದು ನಾನೇ ಒತ್ತಾಯ ಮಾಡಿದೆ.

ಅವಳು ಎರಡು ಪುಟ ಬರೆದಳು. ಬೈಗುಳವಿಲ್ಲ, ಗೋಳಿಲ್ಲ. ನಡೆದದ್ದು ನಡೆದಂತೆ. ಲೆಕ್ಚರರಿಗೆ ಕೊಟ್ಟೆ. ಅವರು ಓದಿ, "ಭಾಷೆ ಚೆನ್ನಾಗಿದೆ ಕಣಮ್ಮ," ಎಂದು ಜೇಬಿಗಿಟ್ಟುಕೊಂಡರು.

ಸಂಜೆ ಊಟದ ಹೊತ್ತಿಗೆ ಕಾಗದ ವಾರ್ಡನ್ ಕೈಯಲ್ಲಿತ್ತು. ಆಕೆ ಮೆಸ್ಸಿನ ನಡುವೆ ನಿಂತು, ಕೊನೆಯ ಸಾಲಿನ ಹೆಸರೂ ಸೇರಿಸಿ ಪೂರ್ತಿ ಓದಿದರು.

"ಪುಕ್ಕಟೆ ಊಟ ಉಂಡ್ಕೊಂಡು ಲೋಟದ ತಳ ನೋಡ್ತಾ ಕೂತವ್ಳೆ, ನೋಡ್ರಮ್ಮ."

ಕೆಲವರು ನಕ್ಕರು. ನಾನು ಅನ್ನ ಸಾರು ಕಲಸುತ್ತಲೇ ಇದ್ದೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

ಮರುದಿನ ಲೆಕ್ಚರರನ್ನು ಕೇಳಿದೆ. "ವಾರ್ಡನ್ನೂ ಕಮಿಟಿ ಮೆಂಬರ್ರೇ ಅಲ್ವೇನಮ್ಮ? ಅವ್ರಿಗೆ ತೋರಿಸ್ದೆ ಇರೋಕಾಗುತ್ತಾ? ಟೀಮ್ ಬಂದು ಹೋಗ್ಲಿ, ಆಮೇಲೆ ನೋಡಣ."

ಟೀಮು ಬಂತು. ಹೊಸ ರೂಮಿನಲ್ಲಿ ಅವರ ಮುಂದೆ ನನ್ನನ್ನು ನಿಲ್ಲಿಸಿದರು. "ಇಲ್ಲಿಗೆ ದೂರು ಏನಾದರೂ ಬಂದಿದೆಯೇನಮ್ಮ?" ಎಂದು ತಂಡದ ಹಿರಿಯರು ಕೇಳಿದರು.

"ಇಲ್ಲ ಸರ್. ನಾವೆಲ್ಲ ಒಂದೇ ಮನೆಯವರ ಥರ ಇದೀವಿ."

ಬಾಯಿಪಾಠ ಮಾಡಿಸಿದ್ದ ಮಾತು. ಆದರೂ ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಕಂಡಕ್ಟ್ ಸರ್ಟಿಫಿಕೇಟ್ ಕೆಡಬಾರದು ಎನ್ನುವ ಆಸೆ, ಅಷ್ಟೇ.

ಬಾಗಿಲ ಬಳಿ ನಿಂತಿದ್ದ ಅವಳು, "ಸರ್, ನಾನು ಬರ್ಕೊಟ್ಟಿದೀನಿ. ಆ ಕಾಗದ ಎಲ್ಲಿ ಅಂತ ಈ ಲೆಕ್ಚರರ್‌ನ ಕೇಳಿ," ಎಂದಳು. ಪ್ರಿನ್ಸಿಪಾಲರು ನಡುವೆ ಬಂದರು. "ತಿಂಡಿ ಆರೋಗುತ್ತೆ, ಬನ್ನಿ ಸರ್." ತಂಡ ಎದ್ದಿತು. ಅದರಲ್ಲಿದ್ದ ಹೆಂಗಸೊಬ್ಬರು ಅವಳ ಮುಖ ನೋಡಿ ಕ್ಷಣ ನಿಂತರು, ಆಮೇಲೆ ಅವರೂ ಹೋದರು. ನನಗೂ ಒಂದು ಪ್ಲೇಟು ಉಪ್ಪಿಟ್ಟು, ಜಾಮೂನು ಕೊಟ್ಟರು. ತಿಂದೆ.

ಅದೇ ವಾರ ಅವಳು ಹಾಸ್ಟೆಲ್ ಬಿಟ್ಟಳು. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಅವಳ ಚಿಕ್ಕಮ್ಮ ತುಮಕೂರಿನಲ್ಲೇ ಶಿರಾ ಗೇಟ್ ಹತ್ತಿರ ಬಾಡಿಗೆಗಿದ್ದರು, ಅಲ್ಲಿಗೆ ಹೊರಟಳು. ಟ್ರಂಕು ಮುಚ್ಚುವಾಗ, "ಬೇಜಾರ್ ಮಾಡ್ಕೋಬೇಡ ಕಣೇ," ಎಂದೆ.

"ಅವ್ರು ಓದಿದ್ದು ಬುಡು. ನೀನು ಉಣ್ತಾನೇ ಇದ್ಯಲ್ಲ."

ಟ್ರಂಕಿನ ಇನ್ನೊಂದು ಬದಿ ಹಿಡಿಯಲು ಹೋದೆ. ಅವಳು ಅದನ್ನು ನನ್ನಿಂದ ಎಳೆದುಕೊಂಡು ಒಬ್ಬಳೇ ಮೆಟ್ಟಿಲಿಳಿದಳು. ಒಳ್ಳೆಯ ಮಾರ್ಕ್ಸಿನಲ್ಲಿ ಪಾಸಾಗಿ, ಆಮೇಲೆ ಗುಬ್ಬಿಯಲ್ಲಿ ಹೈಸ್ಕೂಲ್ ಟೀಚರಾದಳೆಂದು ಕೇಳಿದೆ. ನಾನು ಹೋಗಿ ನೋಡಲಿಲ್ಲ.

ಕಾಲೇಜು ಬಿಡುವಾಗ ಸ್ಪಂದನ ಕೇಂದ್ರದಲ್ಲಿ ಉತ್ತಮ ಸೇವೆ ಮಾಡಿದ್ದಕ್ಕೆ ನನಗೊಂದು ಪ್ರಮಾಣಪತ್ರ ಕೊಟ್ಟರು. ಕೆಲವು ವರ್ಷಗಳ ಮೇಲೆ ಕುಣಿಗಲ್ಲಿನಲ್ಲಿ ಕೆಲಸದ ಸಂದರ್ಶನಕ್ಕೆ ಹೋದಾಗ ಅದನ್ನು ನೋಡಿ ತಲೆದೂಗಿದರು. ಕೆಲಸ ಸಿಕ್ಕಿತು. ಹರಿದು ಹಾಕೋಣವೆಂದು ಎಷ್ಟೋ ಸಲ ಆಚೆ ತೆಗೆದಿದ್ದೇನೆ. ಪ್ರಮೋಷನ್ನಿಗೆ ಬೇಕಾದೀತೆಂದು ಮತ್ತೆ ಫೈಲಿನೊಳಗೆ ಇಟ್ಟಿದ್ದೇನೆ.